ನಿದಾನಕ್ಕೆ ಬೇಕಾದ ನಿಧಾನ



ಕನ್ನಡದಲ್ಲಿ ಒಂದೇ ಅಕ್ಷರದ ಅಂತರದಲ್ಲಿ ನಿಂತ ಎರಡು ಶಬ್ದಗಳುಂಟು. ‘ನಿದಾನ’ ಎಂದರೆ ರೋಗದ ಮೂಲವನ್ನು ಕಂಡುಹಿಡಿಯುವುದು. ‘ನಿಧಾನ’ ಎಂದರೆ ತಾಳ್ಮೆ, ಅವಸರವಿಲ್ಲದ ನಡೆ. ಮೊದಲನೆಯದರಲ್ಲಿ ಅಲ್ಪಪ್ರಾಣ, ಎರಡನೆಯದರಲ್ಲಿ ಮಹಾಪ್ರಾಣ. ಆಡುಮಾತಿನಲ್ಲಿ ಇವೆರಡೂ ಬೆರೆತುಹೋಗುವುದನ್ನು ಕಂಡು ಪಂಡಿತರು ನಗುವುದುಂಟು. ಆದರೆ ರೋಗಿಯ ಪಾಲಿಗೆ ಇವು ಒಂದನ್ನೊಂದು ಬಿಟ್ಟಿರಲಾರವು. ನಿಧಾನವಿಲ್ಲದೆಡೆ ನಿದಾನವಾಗದು.

ಹನ್ನೆರಡನೆಯ ಶತಮಾನದ ಶರಣಸಂಕುಲದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ಹೆಸರೇ ಹೇಳುವಂತೆ ವೈದ್ಯವೃತ್ತಿ ಆತನ ಕಾಯಕ. ಅಂಬಿಗನು ಹರಿಗೋಲಿನಿಂದಲೂ ಮಡಿವಾಳನು ಬಟ್ಟೆಯ ಮಡಿಯಿಂದಲೂ ಅಧ್ಯಾತ್ಮದ ಮಾತನ್ನು ಎತ್ತಿಕೊಂಡಂತೆ ಸಂಗಣ್ಣನು ರೋಗ, ಔಷಧ, ಪಥ್ಯಗಳ ಪರಿಭಾಷೆಯಿಂದಲೇ ತನ್ನ ವಚನಗಳನ್ನು ಕಟ್ಟಿದನು. ಆ ವಚನಗಳನ್ನು ಓದುವಾಗ ಭವರೋಗದ ಕಡೆಗೇ ಮನಸ್ಸು ಹರಿಯುವುದು ಸಹಜ. ಆದರೆ ದೇಹದ ರೋಗವನ್ನು ಸರಿಯಾಗಿ ಬಲ್ಲವನಿಗೆ ಮಾತ್ರ ಅದನ್ನು ಭವರೋಗಕ್ಕೆ ಉಪಮಾನವಾಗಿಸುವ ಅಧಿಕಾರವಿರುತ್ತದೆ ಎಂಬುದನ್ನು ಮರೆಯಲಾಗದು. ಉಪಮಾನವು ಗಟ್ಟಿಯಾಗಿದ್ದರೆ ತಾನೆ ಉಪಮೇಯ ನಿಲ್ಲುವುದು? ರೋಗಿಯ ಬಳಿ ಕುಳಿತು ಕೇಳಿದ ಕಿವಿಯೇ ಆ ವಚನಗಳ ಹಿಂದಿದೆ. ಆ ಕಿವಿಯ ಬೆಲೆ ಎಷ್ಟೆಂಬುದನ್ನು ಅರಿಯಲು ಮಠದ ಭಕ್ತೆಯೊಬ್ಬಳ ಬದುಕಿನ ಒಂಬತ್ತು ವರ್ಷಗಳನ್ನು ಇಲ್ಲಿ ಸ್ಮರಿಸಬಹುದು.

ಆಕೆ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ತವರಿನಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ; ಗೋಧಿ ಎಂಬುದು ಹಬ್ಬಕ್ಕೆ, ಜಾತ್ರೆಗೆ ಮಾತ್ರ. 2008ರಲ್ಲಿ ಮದುವೆಯಾಗಿ ಧಾರವಾಡಕ್ಕೆ ಬಂದಳು. ಅಲ್ಲಿಯೇ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾದಳು. ಪಟ್ಟಣದ ಮನೆಯಲ್ಲಿ ಬೆಳಿಗ್ಗೆ ರವೆಯ ಉಪ್ಪಿಟ್ಟು, ಮಧ್ಯಾಹ್ನದ ಬುತ್ತಿಗೆ ಚಪಾತಿ, ರಾತ್ರಿಯೂ ಚಪಾತಿ. 2009ರ ಕೊನೆಗೆ ಹೊಟ್ಟೆಯುಬ್ಬರ ಮೊದಲಾಯಿತು. ಬಳಿಕ ದಿನಕ್ಕೆ ನಾಲ್ಕೈದು ಬಾರಿ ಭೇದಿ, ಬಾಯಿಹುಣ್ಣು, ಏರದ ತೂಕ, ಮೆಟ್ಟಿಲು ಹತ್ತಿದರೆ ಏದುಸಿರು. ಪಾಠದ ನಡುವೆ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಶೌಚಾಲಯಕ್ಕೆ ಓಡುವ ಲಜ್ಜೆಯನ್ನು ಆಕೆ ಯಾರೊಡನೆಯೂ ಆಡಲಿಲ್ಲ. ದೂರದ ಬಸ್ ಪ್ರಯಾಣವಿದ್ದರೆ ಹಿಂದಿನ ರಾತ್ರಿಯಿಂದಲೇ ಉಪವಾಸವಿರುತ್ತಿದ್ದಳು. ನೋಡುವವರು ಅದನ್ನು ವ್ರತವೆಂದು ಭಾವಿಸಿದರು.

ವೈದ್ಯರ ಬಳಿಗೆ ಹೋಗದೆ ಇರಲಿಲ್ಲ. ಒಬ್ಬರು ಗ್ಯಾಸ್ ಎಂದರು. ಮತ್ತೊಬ್ಬರು ಜಂತುಹುಳು ಎಂದು ಗುಳಿಗೆ ಕೊಟ್ಟರು. ಇನ್ನೊಬ್ಬರು ಸ್ಕ್ಯಾನಿಂಗ್ ಮಾಡಿಸಿ, ವರದಿಯನ್ನು ಮೇಜಿನಾಚೆ ತಳ್ಳಿ, ‘ಎಲ್ಲವೂ ನಾರ್ಮಲ್ ಇದೆ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ’ ಎಂದರು. ರಕ್ತ ಕಡಿಮೆಯಿರುವುದು ಹೆಣ್ಣುಮಕ್ಕಳಿಗೆ ಸಾಮಾನ್ಯವೆಂದು ಕಬ್ಬಿಣಾಂಶದ ಗುಳಿಗೆ ಬರೆದರು. ತಿಂಗಳುಗಟ್ಟಲೆ ನುಂಗಿದರೂ ಹಿಮೋಗ್ಲೋಬಿನ್ ಎಂಟನ್ನು ದಾಟಲಿಲ್ಲ. ‘ಗುಳಿಗೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಎಂಬ ಗದರಿಕೆಯೂ ಬಂತು. ಹೊಟ್ಟೆ ಕೆಟ್ಟಾಗಲೆಲ್ಲ ವೈದ್ಯರೂ ಮನೆಯವರೂ ಒಮ್ಮತದಿಂದ ಕೊಟ್ಟ ಪಥ್ಯವೆಂದರೆ ಬ್ರೆಡ್ಡು, ಬಿಸ್ಕತ್ತು, ರವೆಯ ಗಂಜಿ. ಮೃದುವಾದ ಆಹಾರ, ರೋಗಿಗೆ ಹಿತ ಎಂಬ ನಂಬಿಕೆಯಿಂದಲೇ ಕೊಟ್ಟರು. ಪಥ್ಯ ಹೆಚ್ಚಿದಷ್ಟೂ ರೋಗ ಹೆಚ್ಚಿತು.

2016ರಲ್ಲಿ ಒಬ್ಬ ವೈದ್ಯರು ಆಕೆಯ ಮಾತು ಮುಗಿಯುವ ಮೊದಲೇ ಮನೋವೈದ್ಯರಿಗೆ ಚೀಟಿ ಬರೆದರು. ಮನೋವೈದ್ಯರ ಬಳಿಗೆ ಹೋಗುವುದರಲ್ಲಿ ಅವಮಾನವೇನಿಲ್ಲ. ದೀರ್ಘಕಾಲದ ನೋವು ಮನಸ್ಸನ್ನು ಬಳಲಿಸುವುದೂ ಸತ್ಯ. ಆದರೆ ಆ ಚೀಟಿ ಸಹಾಯವಾಗಿ ಬರಲಿಲ್ಲ, ತೀರ್ಪಾಗಿ ಬಂತು. ಅಂದಿನಿಂದ ಆಕೆಯಲ್ಲಿ ಒಂದು ಹೊಸ ಭಯ ಹುಟ್ಟಿತು. ತನ್ನ ನೋವು ನಿಜವೋ, ತನ್ನ ಮನಸ್ಸೇ ಹೆಣೆದ ಸುಳ್ಳೋ ಎಂಬ ಸಂಶಯವದು. ರೋಗಕ್ಕಿಂತ ದಾರುಣವಾದದ್ದು ಇದೇ. ದೇಹದ ಬಲ ಕುಂದಿದರೆ ಮತ್ತೆ ಕೂಡಿಸಬಹುದು. ತಾನು ಅನುಭವಿಸಿದ್ದನ್ನು ತಾನೇ ನಂಬಲಾರದ ಸ್ಥಿತಿ ಬಂದರೆ ಮನುಷ್ಯನು ಕಾಲಿಡಲು ನೆಲವೆಲ್ಲಿ?

ಶರಣರ ಧರ್ಮದಲ್ಲಿ ಅನುಭವಕ್ಕಿರುವ ಸ್ಥಾನವನ್ನು ಇಲ್ಲಿ ನೆನೆಯಬೇಕು. ಕಲ್ಯಾಣದ ಅನುಭವ ಮಂಟಪವೆಂಬ ಹೆಸರೇ ಅದನ್ನು ಸಾರುತ್ತದೆ. ಅಲ್ಲಮಪ್ರಭುದೇವರು ಶೂನ್ಯಪೀಠದಲ್ಲಿ ಕುಳಿತಿದ್ದ ಆ ಸಭೆಯಲ್ಲಿ ಅಂಬಿಗರ ಚೌಡಯ್ಯನ ಮಾತಿಗೂ ಕದಿರ ರೆಮ್ಮವ್ವೆಯ ಮಾತಿಗೂ ಆಯ್ದಕ್ಕಿ ಲಕ್ಕಮ್ಮನ ಮಾತಿಗೂ ಮನ್ನಣೆಯಿತ್ತು. ಅವರಾರೂ ಗ್ರಂಥಗಳ ಅಧಿಕಾರದಿಂದ ಮಾತನಾಡಿದವರಲ್ಲ. ಕೈಯಲ್ಲಿ ಮಾಡಿದ್ದನ್ನು, ಮೈಯಲ್ಲಿ ಕಂಡದ್ದನ್ನು ನುಡಿದವರು. ಗ್ರಂಥದಲ್ಲಿಲ್ಲವೆಂಬ ಕಾರಣಕ್ಕೆ ಕಂಡದ್ದನ್ನು ಕಂಡಿಲ್ಲವೆನ್ನಲು ಶರಣರು ಒಪ್ಪಲಿಲ್ಲ. ವರದಿಯಲ್ಲಿ ಇಲ್ಲವೆಂಬ ಕಾರಣಕ್ಕೆ ನೋವೇ ಇಲ್ಲವೆನ್ನುವುದು ಆ ಹಳೆಯ ತಪ್ಪಿನ ಹೊಸ ರೂಪವಲ್ಲದೆ ಬೇರೆಯಲ್ಲ. ಸ್ಕ್ಯಾನಿಂಗ್ ವರದಿ ಸುಳ್ಳು ಹೇಳಿರಲಿಲ್ಲ. ತಾನು ನೋಡಿದ ಅಂಗಗಳಲ್ಲಿ ದೋಷವಿಲ್ಲವೆಂದಷ್ಟೇ ಹೇಳಿತ್ತು. ನೋಡದಿರುವುದರ ಬಗ್ಗೆ ಅದು ಮೌನವಾಗಿತ್ತು. ಆ ಮೌನವನ್ನೇ ಉತ್ತರವೆಂದು ತಿಳಿದದ್ದು ಮನುಷ್ಯರ ಅವಸರ.

ಬಂಧುಗಳಲ್ಲಿ ಕೆಲವರು ಗ್ರಹಗತಿಯೆಂದರು, ಕೆಲವರು ಮಾಟವೆಂದರು, ಹರಕೆ ಹೊರಲು ಹೇಳಿದರು. ಇಷ್ಟಲಿಂಗವನ್ನು ಧರಿಸಿದ ಆಕೆ ಅದಾವುದಕ್ಕೂ ಒಪ್ಪಲಿಲ್ಲ. ಪಂಚಾಂಗ, ಶಕುನಗಳನ್ನು ತಳ್ಳಿಹಾಕಿದ ಶರಣರ ಮಕ್ಕಳು ಕಾರಣವನ್ನು ಆಕಾಶದಲ್ಲಿ ಹುಡುಕಬಾರದೆಂಬ ತಿಳಿವು ಆಕೆಗಿತ್ತು. ಪ್ರತಿದಿನ ಬೆಳಿಗ್ಗೆ ಲಿಂಗಪೂಜೆಯನ್ನು ಮುಗಿಸಿ, ಶಾಲೆಯ ಇನ್ನೂರು ಪುಟದ ನೋಟುಪುಸ್ತಕವೊಂದರಲ್ಲಿ ಹಿಂದಿನ ದಿನದ ಆಹಾರವನ್ನೂ ದೇಹಸ್ಥಿತಿಯನ್ನೂ ಬರೆಯತೊಡಗಿದಳು. ಯಾರಿಗೂ ತೋರಿಸಲೆಂದಲ್ಲ; ತಾನು ಸುಳ್ಳಾಡುತ್ತಿಲ್ಲವೆಂಬುದಕ್ಕೆ ತನಗೆ ತಾನೇ ಸಾಕ್ಷಿಯಾಗಲೆಂದು.

2018ರಲ್ಲಿ ಹಿಮೋಗ್ಲೋಬಿನ್ ಏಳಕ್ಕಿಳಿದಾಗ, ಪರಿಚಯದ ದಾದಿಯೊಬ್ಬಳ ಸಲಹೆಯಂತೆ, ಕರುಳಿನ ತಜ್ಞರಿರುವ ಒಂದು ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿದ್ದ ವೈದ್ಯರು ವಯಸ್ಸಿನಲ್ಲಿ ಕಿರಿಯರು. ಅವರು ಮಾಡಿದ ಮೊದಲ ಕೆಲಸ ಬಹು ಸರಳವಾದುದು. ಆಕೆ ಚೀಲದಲ್ಲಿ ತಂದಿದ್ದ ಆರು ವರ್ಷಗಳ ರಕ್ತಪರೀಕ್ಷೆಯ ಚೀಟಿಗಳನ್ನು ಮೇಜಿನ ಮೇಲೆ ದಿನಾಂಕದ ಕ್ರಮದಲ್ಲಿ ಜೋಡಿಸಿದರು. ಹನ್ನೊಂದು ಚೀಟಿಗಳು. ಹನ್ನೊಂದು ಕಡೆಯೂ ರಕ್ತಹೀನತೆ. ಅದುವರೆಗೆ ಒಬ್ಬೊಬ್ಬ ವೈದ್ಯರು ಒಂದೊಂದೇ ಚೀಟಿಯನ್ನು ನೋಡಿದ್ದರು. ಹನ್ನೊಂದನ್ನೂ ಒಟ್ಟಿಗೆ ಯಾರೂ ನೋಡಿರಲಿಲ್ಲ. ‘ಗುಳಿಗೆ ನುಂಗಿದರೂ ಕಬ್ಬಿಣ ಎಲ್ಲಿಗೆ ಹೋಗುತ್ತಿದೆ?’ ಎಂದು ಅವರು ಮೆಲ್ಲನೆ ಕೇಳಿದರು. ಆ ಪ್ರಶ್ನೆ ಆಕೆಗಲ್ಲ, ತಮಗೆ ತಾವೇ ಕೇಳಿಕೊಂಡದ್ದು. ಬಳಿಕ ‘ಯಾವಾಗ ಚೆನ್ನಾಗಿರುತ್ತೀರಿ?’ ಎಂದರು. ಒಂಬತ್ತು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಕೆ ನೋಟುಪುಸ್ತಕವನ್ನು ಮುಂದಿಟ್ಟಳು. ಏಪ್ರಿಲ್ ಕೊನೆ, ಮೇ ತಿಂಗಳು: ತವರುಮನೆ, ಜೋಳದ ರೊಟ್ಟಿ, ‘ಇಂದು ಪರವಾಗಿಲ್ಲ’, ‘ಇಂದು ಚೆನ್ನಾಗಿದೆ’. ಜೂನ್ ತಿಂಗಳು: ಶಾಲೆ, ಚಪಾತಿ, ಮತ್ತೆ ಅದೇ ಪಾಡು.

ಭಾರತೀಯ ವೈದ್ಯಶಾಸ್ತ್ರವು ರೋಗಿಯನ್ನು ಪರೀಕ್ಷಿಸುವ ಮೂರು ಬಗೆಗಳನ್ನು ಹೇಳುತ್ತದೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡುವುದು, ಮುಟ್ಟುವುದು, ಕೇಳುವುದು. ಇಂದಿನ ಯಂತ್ರಗಳು ದರ್ಶನವನ್ನು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮಗೊಳಿಸಿವೆ. ಆದರೆ ಯಾವ ಯಂತ್ರವನ್ನು ಎಲ್ಲಿಗೆ ತಿರುಗಿಸಬೇಕೆಂದು ತಿಳಿಸುವುದು ಪ್ರಶ್ನವೇ. ಆಕೆಯ ವಿಷಯದಲ್ಲಿ ಕೊರತೆಯಾದದ್ದು ಈ ಮೂರನೆಯದು.

ಪುಸ್ತಕವನ್ನು ಓದಿದ ವೈದ್ಯರು ಸೀಲಿಯಾಕ್ ಎಂಬ ಕಾಯಿಲೆಯ ಸಂಶಯವನ್ನು ತಿಳಿಸಿದರು. ಗೋಧಿ, ಬಾರ್ಲಿ ಮೊದಲಾದ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ಹುಟ್ಟಿನಿಂದಲೇ ಅಂಥ ಒಲವಿರುವ ಕೆಲವರಲ್ಲಿ, ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾಶಕ್ತಿಯು ತನ್ನದೇ ಸಣ್ಣಕರುಳಿನ ಮೇಲೆ ಎರಗುತ್ತದೆ. ಕರುಳಿನ ಒಳಗೋಡೆಯಲ್ಲಿ ಅನ್ನದ ಸಾರವನ್ನು ಹೀರಿಕೊಳ್ಳುವ ಬೆರಳಿನಾಕಾರದ ಸೂಕ್ಷ್ಮ ಎಳೆಗಳಿರುತ್ತವೆ. ಅವು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣಾಂಶವನ್ನು ಹೀರುವುದು ಮುಖ್ಯವಾಗಿ ಸಣ್ಣಕರುಳಿನ ಮೊದಲ ಭಾಗ. ಹೆಚ್ಚಾಗಿ ಕೆಡುವುದೂ ಅದೇ ಭಾಗ. ನುಂಗಿದ ಗುಳಿಗೆ ಹರಿದುಹೋಗುತ್ತಿದ್ದುದರ ಗುಟ್ಟು ಇದು. ಆ ಎಳೆಗಳು ಹೊಟ್ಟೆಯ ಸ್ಕ್ಯಾನಿಂಗಿಗೆ ಕಾಣುವಂಥವಲ್ಲ. ರಕ್ತದಲ್ಲಿ ಟ್ರಾನ್ಸ್‌ಗ್ಲುಟಮಿನೇಸ್ ಪ್ರತಿಕಾಯದ ಪರೀಕ್ಷೆ ಮಾಡಬೇಕು. ಎಂಡೋಸ್ಕೋಪಿಯಲ್ಲಿ ಕರುಳಿನ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಆಕೆ ಅಂದೇ ಗೋಧಿಯನ್ನು ಬಿಡುತ್ತೇನೆಂದಳು. ವೈದ್ಯರು ತಡೆದರು. ಪರೀಕ್ಷೆಗೆ ಮೊದಲೇ ಬಿಟ್ಟರೆ ಪ್ರತಿಕಾಯಗಳು ಇಳಿದು, ಕರುಳು ಚೇತರಿಸಿಕೊಳ್ಳತೊಡಗಿ, ಇರುವ ರೋಗವೂ ಇಲ್ಲವೆಂದೇ ತೋರಬಹುದು. ಆದಕಾರಣ ಕೆಡುಕೆಂದು ತಿಳಿದ ಅನ್ನವನ್ನೇ ಮತ್ತೆ ಎರಡು ವಾರ ಉಂಡಳು. ವರದಿ ಬಂತು. ಪ್ರತಿಕಾಯದ ಪ್ರಮಾಣ ಬಹಳ ಹೆಚ್ಚಿತ್ತು, ಎಳೆಗಳು ಚಪ್ಪಟೆಯಾಗಿದ್ದವು. ಜೀವನಪರ್ಯಂತ ಗೋಧಿಯನ್ನು ಮುಟ್ಟಬಾರದೆಂದು ಕೇಳಿ ಆಕೆ ಅತ್ತಳು. ವೈದ್ಯರು ಸಮಾಧಾನಪಡಿಸಲು ತೊಡಗಿದಾಗ ಆಕೆ ಹೇಳಿದ್ದಿಷ್ಟು: ‘ದುಃಖಕ್ಕೆ ಅಳುತ್ತಿಲ್ಲ, ಸರ್. ನಾನು ಸುಳ್ಳು ಹೇಳಿರಲಿಲ್ಲ.’

ಹಿಂದಿನ ವೈದ್ಯರನ್ನು ದೂಷಿಸಲು ಈ ಪ್ರಸಂಗವನ್ನು ಹೇಳಿದ್ದಲ್ಲ. ಮುಂಜಾನೆಯಿಂದ ನೂರಾರು ರೋಗಿಗಳನ್ನು ನೋಡುವವರಿಗೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅದಲ್ಲದೆ ಈ ರೋಗ ದಕ್ಷಿಣದಲ್ಲಿ ವಿರಳ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಇದ್ದರೆ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ ಇದೆ. ವಿರಳವಾದುದು ಮೊದಲು ನೆನಪಾಗದಿರುವುದು ತಪ್ಪಲ್ಲ. ಆದರೆ ನೆನಪಿಗೆ ಬಾರದ್ದು ಇಲ್ಲವೇ ಇಲ್ಲವೆಂದು ನಿರ್ಣಯಿಸುವುದು, ತಿಳಿಯದಿರುವುದನ್ನು ‘ತಿಳಿಯದು’ ಎನ್ನದೆ ರೋಗಿಯ ಮನಸ್ಸಿನ ಮೇಲೆ ಹೊರಿಸುವುದು ತಪ್ಪು.

ಈ ರೋಗದ ಚರಿತ್ರೆಯಲ್ಲಿಯೂ ಇದೇ ಪಾಠವಿದೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಇದರ ಲಕ್ಷಣಗಳನ್ನು ವಿವರಿಸಿ, ಗುಣವಾಗುವುದಾದರೆ ಆಹಾರದಿಂದಲೇ ಆಗಬೇಕೆಂದು ಬರೆದನು. ಆದರೆ ಯಾವ ಆಹಾರವೆಂಬುದು ತಿಳಿಯಲಿಲ್ಲ. ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕೆ 1930ರ ದಶಕದಲ್ಲಿಯೇ ಗೋಧಿಯ ಮೇಲೆ ಸಂಶಯಪಟ್ಟನು. ಮನೆಯಲ್ಲಿ ಬ್ರೆಡ್ಡನ್ನು ಬಿಡಿಸಿದಾಗ ಮಗು ಚೇತರಿಸಿಕೊಳ್ಳುತ್ತದೆಂದು ತಾಯಿಯೊಬ್ಬಳು ಹೇಳಿದ ಮಾತು ಆತನನ್ನು ಆ ದಾರಿಗೆ ಹಚ್ಚಿತೆಂದು ದಾಖಲಾಗಿದೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಬ್ರೆಡ್ಡಿಗೆ ಬರ ಬಂದಾಗ ಈ ಮಕ್ಕಳು ಸುಧಾರಿಸಿದರು. ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಆತನು ತನ್ನ ಮಹಾಪ್ರಬಂಧವನ್ನು ಮಂಡಿಸಿದನು. ವಿದ್ವಾಂಸರಿಗೆ ಹೊಳೆಯದಿದ್ದುದು ಒಬ್ಬ ತಾಯಿಗೆ ಕಂಡಿತ್ತು. ಡಿಕೆಯ ದೊಡ್ಡತನವೆಂದರೆ ಅದನ್ನು ಕೇಳಿದ್ದು.

ನಿದಾನವಾದ ಮೇಲೂ ಆಕೆಗೆ ಒಂದು ಸಂಕಟ ಉಳಿದಿತ್ತು. ಅದು ಮಠಕ್ಕೆ ಸಂಬಂಧಿಸಿದ್ದು. ಜಾತ್ರೆಯ ದಾಸೋಹದಲ್ಲಿ ಗೋಧಿಹುಗ್ಗಿಯೇ ಪ್ರಸಾದ. ಬಾಲ್ಯದಿಂದ ಒಂದು ವರ್ಷವೂ ತಪ್ಪಿಸದೆ ಆಕೆ ಅದನ್ನು ಸ್ವೀಕರಿಸಿದ್ದಳು. ಆ ರಾತ್ರಿಯ ಯಾತನೆಯನ್ನು ಬಾಯಿಬಿಡದೆ ಸಹಿಸಿದ್ದಳು. ಪ್ರಸಾದದಿಂದ ನೋವಾಯಿತೆಂದು ನುಡಿಯುವುದೇ ಪಾಪವೆಂದು ತೋರುತ್ತಿತ್ತು. 2019ರ ಜಾತ್ರೆ ಬಂದಾಗ ಹಿರಿಯರೊಬ್ಬರು, ‘ಒಂದು ತುತ್ತಿಗೆ ಏನಾಗುತ್ತದೆ? ಗುರುವಿನ ಪ್ರಸಾದ ಕೇಡು ಮಾಡುತ್ತದೆಯೇ?’ ಎಂದರು. ಮತ್ತೊಬ್ಬರು, ಹುಗ್ಗಿಗೆ ಹಾಕುವುದು ಹಳೆಯ ತಳಿಯ ಜವೆಗೋಧಿ, ಅದರಿಂದ ತೊಂದರೆಯಿಲ್ಲವೆಂದರು. ಇದು ನಿಜವಲ್ಲ. ಜವೆಗೋಧಿಯಲ್ಲಿಯೂ ಗ್ಲುಟೆನ್ ಇದೆ. ಒಂದು ತುತ್ತೂ ಈ ರೋಗಿಗಳಿಗೆ ಸಲ್ಲದು. ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂದು ಭಾರತದ ಆಹಾರ ನಿಯಮವೇ ವಿಧಿಸಿದೆಯೆಂದರೆ ಎಷ್ಟು ಅಲ್ಪವೂ ಲೆಕ್ಕಕ್ಕೆ ಬರುತ್ತದೆಂದು ಊಹಿಸಬಹುದು.

ಆಕೆ ಜಾತ್ರೆಗೆ ಬಂದಳು. ಪಂಕ್ತಿಯಲ್ಲಿ ಕೂಡದೆ ಹಿಂದಿರುಗಲು ನಿಶ್ಚಯಿಸಿದ್ದಳು. ದರ್ಶನದ ವೇಳೆ ಪೂಜ್ಯರಲ್ಲಿ ತಲೆತಗ್ಗಿಸಿ ನಿವೇದಿಸಿಕೊಂಡಳು. ಪೂಜ್ಯರು ಕೊನೆಯವರೆಗೂ ಕೇಳಿದರು. ‘ನಿನ್ನ ಮನೆಯಲ್ಲಿ ಇಷ್ಟಲಿಂಗಕ್ಕೆ ಏನನ್ನು ಅರ್ಪಿಸುತ್ತಿ?’ ಎಂದರು. ‘ಜೋಳದ ರೊಟ್ಟಿ’ ಎಂದಳು. ‘ಅದು ಪ್ರಸಾದವಲ್ಲವೇ?’ ಎಂದರು.

ಈ ಮಾತಿನಲ್ಲಿ ತತ್ತ್ವವೆಲ್ಲ ಅಡಗಿದೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಆದರೆ ಯಾವ ಧಾನ್ಯವೂ ತನ್ನಷ್ಟಕ್ಕೆ ಪ್ರಸಾದವಲ್ಲ. ಅರ್ಪಣೆಗೆ ಮೊದಲು ಅದು ಪದಾರ್ಥ. ಲಿಂಗಕ್ಕೆ ಅರ್ಪಿತವಾದಾಗ ಪ್ರಸಾದ. ಅರ್ಪಿಸುವ ಅಂಗವನ್ನೇ ಕೆಡಿಸಿಕೊಂಡು ಅರ್ಪಿಸುವುದು ಹೇಗೆ? ದೇಹವನ್ನೇ ಆಲಯವೆಂದು ಬಗೆದ ಧರ್ಮದಲ್ಲಿ ಆಲಯದ ಗೋಡೆ ಕುಸಿಯುತ್ತಿರುವುದನ್ನು ಕಂಡೂ ಸುಮ್ಮನಿರುವುದು ಭಕ್ತಿಯಾಗದು. ವೈದ್ಯನು ವಿಧಿಸಿದ ಪಥ್ಯವನ್ನು ಪಾಲಿಸುವುದೂ ಪ್ರಸಾದಿಯ ಒಂದು ನಿಷ್ಠೆಯೇ.

ದಾಸೋಹದ ಒಲೆಯ ಬಳಿಯಿದ್ದ ಹಿರಿಯ ತಾಯಿಯೊಬ್ಬರು ಈ ವಿಷಯ ತಿಳಿದು ಪ್ರತ್ಯೇಕ ಪಾತ್ರೆಯಲ್ಲಿ ಜೋಳದ ನುಚ್ಚು ಬೇಯಿಸಿದರು; ಮಜ್ಜಿಗೆಯನ್ನು ಬೇರೆಯಾಗಿ ತೆಗೆದಿಟ್ಟರು. ಸಾರನ್ನು ಬಡಿಸಲಿಲ್ಲ, ಒಗ್ಗರಣೆಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟೆಂದು ಆಕೆಯಿಂದಲೇ ಕೇಳಿ ತಿಳಿದುಕೊಂಡಿದ್ದರು. ಆದರೆ ಆಕೆಗೆ ಮತ್ತೊಂದು ಅಳುಕು. ಶರಣರ ದಾಸೋಹದಲ್ಲಿ ಪಂಕ್ತಿಭೇದವಿಲ್ಲ. ತನಗಾಗಿ ಬೇರೆ ಪಾತ್ರೆಯೆಂದರೆ ಅದು ಭೇದವಾಗಲಿಲ್ಲವೇ? ಆ ತಾಯಿ ಎಲ್ಲರ ನಡುವೆಯೇ ಆಕೆಗೆ ಎಲೆ ಹಾಕಿದರು. ‘ಸೌಟು ಬೇರೆ, ಪಂಕ್ತಿ ಒಂದೇ’ ಎಂದರು. ಎಡಬಲದವರ ಎಲೆಯಲ್ಲಿ ಹುಗ್ಗಿ, ಆಕೆಯ ಎಲೆಯಲ್ಲಿ ನುಚ್ಚು. ಅಂದು ರಾತ್ರಿ ಆಕೆ ನೆಮ್ಮದಿಯಾಗಿ ನಿದ್ರಿಸಿದಳು. ಒಂದು ವರ್ಷದೊಳಗೆ ಹಿಮೋಗ್ಲೋಬಿನ್ ಹನ್ನೆರಡಕ್ಕೇರಿತು. ಮಗ್ಗಿಯ ಪಾಠವೀಗ ನಡುವೆ ನಿಲ್ಲುವುದಿಲ್ಲ.

ಎಲ್ಲ ಹೊಟ್ಟೆನೋವೂ ಗೋಧಿಯಿಂದ ಬಂದದ್ದಲ್ಲ. ಕರುಳಿನ ಕ್ಷಯ, ಕ್ರೋನ್ಸ್ ಕಾಯಿಲೆ, ಥೈರಾಯ್ಡ್ ದೋಷ ಮೊದಲಾದ ಬೇರೆ ಕಾರಣಗಳೂ ಇರುತ್ತವೆ. ಆದ್ದರಿಂದ ಸದ್ಭಕ್ತರು ಈ ಪ್ರಸಂಗವನ್ನು ಓದಿ ತಾವಾಗಿಯೇ ಗೋಧಿಯನ್ನು ಬಿಡುವುದು ಸಲ್ಲದು. ಹಾಗೆ ಬಿಟ್ಟರೆ ನಿದಾನದ ದಾರಿಯೇ ಮುಚ್ಚಿಹೋದೀತು. ತಿಂಗಳುಗಟ್ಟಲೆ ನಿಲ್ಲದ ಭೇದಿ, ಕಾರಣವಿಲ್ಲದೆ ಇಳಿಯುವ ತೂಕ, ಗುಳಿಗೆಗೆ ಬಗ್ಗದ ರಕ್ತಹೀನತೆ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು ಇವುಗಳನ್ನು ಗ್ಯಾಸ್ ಎಂದು ಬಿಟ್ಟುಬಿಡಬಾರದು. ಹಳೆಯ ಚೀಟಿಗಳನ್ನು ಎಸೆಯದೆ ಕ್ರಮವಾಗಿ ಇಟ್ಟುಕೊಳ್ಳಬೇಕು. ಉಂಡದ್ದನ್ನೂ ನೊಂದದ್ದನ್ನೂ ಬರೆದಿಡಬೇಕು. ಇದುವರೆಗೆ ಯಾವ ರೋಗವಿಲ್ಲವೆಂದು ಖಚಿತವಾಗಿದೆ, ಯಾವುದನ್ನು ಇನ್ನೂ ನೋಡಿಲ್ಲವೆಂದು ವೈದ್ಯರನ್ನು ವಿನಯದಿಂದ ಕೇಳಬೇಕು. ಉತ್ತರ ದೊರೆಯದಿದ್ದರೆ ಇನ್ನೊಬ್ಬ ವೈದ್ಯರನ್ನು ಕಾಣುವುದು ಮೊದಲಿನವರಿಗೆ ತೋರುವ ಅಗೌರವವಲ್ಲ.

ಮನೆಯವರ ಕರ್ತವ್ಯ ಇನ್ನೂ ಹಗುರಾದುದು, ಆದರೂ ವಿರಳವಾದುದು. ನೋವೆಂದು ನುಡಿದವರನ್ನು ಮೊದಲು ನಂಬುವುದು. ಔಷಧ ಬಲ್ಲವರು ಕೆಲವರು. ಕಿವಿ ಎಲ್ಲರಿಗೂ ಇದೆ. ಕುಳಿತು ಕೇಳುವುದೂ ಒಂದು ದಾಸೋಹ. ಅಂಥ ನಿಧಾನವಿರುವ ಮನೆಯಲ್ಲಿ ಅರ್ಧ ನಿದಾನ ಆಗಿಹೋಗಿರುತ್ತದೆ.